ಮುಟ್ಟದ ಟೀ

ಗುಣಮಟ್ಟದ ಮುದ್ರೆಯಿಲ್ಲದ ಬೋಲ್ಟ್ ಮಾರುವಂತಿಲ್ಲ ಎಂಬ ಕಾನೂನು ಬಂದು, ಹಿರಿಯೂರಿನ ನಮ್ಮ ಸಣ್ಣ ಕಾರ್ಖಾನೆ ನಿಂತೇ ಹೋಗಿತ್ತು. ಪರೀಕ್ಷೆಗೆ ಬಂದ ಅಧಿಕಾರಿ ಬಿ.ದುರ್ಗದ ಕಡೆಯವರು. ಟೀ ಕೊಡಲು ಹೋದಾಗಲೆಲ್ಲ ಕನ್ನಡಕ ಒರೆಸುತ್ತಾ, "ಆಮೇಲೆ ನೋಡಾಣ ಬಿಡ್ರಿ" ಎನ್ನುತ್ತಿದ್ದರು.

ಯಂತ್ರಕ್ಕೆ ಕೊಟ್ಟು ಎಳೆದಾಗ ನಮ್ಮ ಬೋಲ್ಟಿನ ತಲೆ ಪಟ್ಟನೆ ಮುರಿಯಿತು. ಫೇಲ್ ಎಂದು ಬರೆದು ಸಹಿ ಹಾಕಿದವರು, ತಾವಾಗಿಯೇ ಟೀ ಕೇಳಿದರು. ನನಗೆ ಮೈಯೆಲ್ಲ ಉರಿಯಿತು.

"ಫೇಲ್ ಮಾಡಿದ ಕಡೆ ಕುಡಿದ್ರೆ ಯಾರೂ ಏನೂ ಅನ್ನಲ್ಲ," ಎಂದು ನಕ್ಕು, ಮುರಿದ ತುಂಡನ್ನು ನನ್ನ ಅಂಗೈಯಲ್ಲಿಟ್ಟರು. "ಗಟ್ಟಿ ಮಾಡಾಕೆ ಹೋಗಿ ಪೆಡಸು ಮಾಡೀರಿ. ಇನ್ನೊಂದು ಸಲ ಹದವಾಗಿ ಕಾಯಿಸ್ರಿ."

ಹಾಗೆಯೇ ಮಾಡಿದೆವು. ಎರಡನೇ ಸಲ ಬಂದು ಪರೀಕ್ಷೆ ಮುಗಿಸಿ, ಏನೋ ಬರೆದು, ನಾನಿಟ್ಟ ಟೀ ಲೋಟ ಮುಟ್ಟದೆ ಎದ್ದು ಹೊರಟರು. ಪಾಸಾಯಿತೇ ಎಂದು ಯಾರೂ ಕೇಳಲಿಲ್ಲ. ಕೆನೆಗಟ್ಟಿದ ಆ ಟೀಯನ್ನು ನಾವೆಲ್ಲ ಗುಟುಕು ಗುಟುಕಾಗಿ ಹಂಚಿಕೊಂಡು ಕುಡಿದೆವು.