ಕರಿಬಂಡೆಯ ತಪಾಸಣೆಗೆ ಹೋಗಿ ಬಂದದ್ದು

ಸೇಲಂ ಜಂಕ್ಷನ್ನಿನಲ್ಲಿ ಇಳಿದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಮೈಸೂರಿನಿಂದ ಹೊರಡುವಾಗ ನನ್ನ ಹೆಂಡತಿ, ಹೋಗುತ್ತಿರುವುದು ಅತ್ತೆಯ ಊರಿಗೋ ತಿಂಡಿ ಹುಡುಕಲಿಕ್ಕೋ ಎಂದು ಛೇಡಿಸಿದ್ದಳು. ನನ್ನ ಮಟ್ಟಿಗೆ ಎರಡೂ ನಿಜ. ಸ್ಟೇಷನ್ ಎದುರಿನ ಅಂಗಡಿಯಲ್ಲಿ ಹೊಟ್ಟೆ ತುಂಬ ಇಡ್ಲಿ ತಿಂದು, ಟೌನ್ ಬಸ್ಸಿನಲ್ಲಿ ಸ್ಟ್ಯಾಂಡಿಗೆ ಹೋಗಿ ಧರ್ಮಪುರಿ ಬಸ್ಸು ಹತ್ತಿದೆ.

ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ನನಗೆ ಬೇರೆ ಸುಖ ಬೇಡ. ಊರಾಚೆ ಸಬ್ಬಕ್ಕಿ ಮಿಲ್ಲುಗಳ ಅಂಗಳಗಳು ಬೆಳ್ಳಗೆ ಹರಡಿಕೊಂಡಿದ್ದವು. ತೊಪ್ಪೂರು ಘಾಟಿಯಲ್ಲಿ ಬಸ್ಸು ಏದುಸಿರು ಬಿಟ್ಟಿತು. ಅದಿಯಮಾನ್‌ಕೋಟೆ ದಾಟಿ ಧರ್ಮಪುರಿಯಲ್ಲಿ ಬಸ್ಸು ಬದಲಿಸಿ, ಕಂಬೈನಲ್ಲೂರಿನ ಆಚೆ ಅತ್ತೆ ಮಾದಮ್ಮನ ಹಳ್ಳಿಯಲ್ಲಿ ಇಳಿಯುವಾಗ ಮಧ್ಯಾಹ್ನ ಕಳೆದಿತ್ತು.

ನನ್ನನ್ನು ಕರೆಸಿದ್ದಕ್ಕೆ ಕಾರಣವಿತ್ತು. ಊರ ಪಕ್ಕದ ಗುಡ್ಡದಲ್ಲಿ ಕರಿಕಲ್ಲು ಕಡಿಯಲು ಒಂದು ಕಂಪನಿ ಪರ್ಮಿಟ್ಟು ಕೇಳಿತ್ತು. ಜಾಗ ಯಾರ ಬಳಕೆಯಲ್ಲೂ ಇಲ್ಲ ಎಂದು ಅರ್ಜಿಯಲ್ಲಿತ್ತಂತೆ. ಆದರೆ ಗುಡ್ಡದ ಬುಡದ ಚಪ್ಪಟೆ ಬಂಡೆಯೇ ಇಡೀ ಊರಿನ ಕಣ. ಎಲ್ಲರ ರಾಗಿಯೂ ಅಲ್ಲೇ ಒಕ್ಕಣೆಯಾಗಬೇಕು, ಬೇರೆ ಜಾಗವಿಲ್ಲ. ಮಾರನೆಯ ದಿನ ಅಧಿಕಾರಿ ನೋಡಲು ಬರುವವರಿದ್ದರು. ಇಂಗ್ಲಿಷ್ ಬಲ್ಲವನೊಬ್ಬ ಜೊತೆಗಿರಲಿ ಎಂದು ಅತ್ತೆ ಹೇಳಿಕಳಿಸಿದ್ದಳು.

ನಾನು ಹೋದಾಗ ಊರಿಗೆ ಊರೇ ಬಂಡೆಯ ಮೇಲಿತ್ತು. ದೊಡ್ಡವರು ಬರುತ್ತಾರೆಂದು ರಾಗಿ ತೆನೆಯನ್ನೆಲ್ಲ ಮನೆಗಳಿಗೆ ಹೊತ್ತು, ಹುಲ್ಲು ಸಾಗಿಸಿ, ತೆನೆಯ ಮೇಲೆ ಉರುಳಿಸುವ ರೋಣಗಲ್ಲನ್ನು ಪೊದೆಯ ಹಿಂದಕ್ಕೆ ತಳ್ಳಿ, ಬಂಡೆ ತೊಳೆಯುತ್ತಿದ್ದರು. ನಾನೂ ಖುಷಿಯಾಗಿ ನಾಲ್ಕು ಕೊಡ ನೀರು ಹೊಯ್ದೆ. ರಾತ್ರಿ ಮುದ್ದೆ, ಅವರೆಕಾಳಿನ ಸಾರು. ಮನೆ ತುಂಬ ತೆನೆಯ ರಾಶಿ ಇದ್ದುದರಿಂದ ಕಾಲು ಮಡಚಿಕೊಂಡೇ ಮಲಗಿದೆ.

ಬೆಳಿಗ್ಗೆ ಜೀಪು ಬಂತು. ಅಧಿಕಾರಿ ಹೊಸೂರಿನ ಕಡೆಯವರು, ಕನ್ನಡ ಬರುತ್ತಿತ್ತು. ಜೊತೆಗೆ ಬಂದಿದ್ದ ಕಂಪನಿಯವನು ಬಂಡೆಯತ್ತ ಕೈ ತೋರಿಸಿ ನಕ್ಕ. "ನೀವೇ ಪಾರುಂಗ ಸಾರ್, ಒಂದು ಹುಲ್ಲುಕಡ್ಡಿಯೂ ಇಲ್ಲ."

ಆಗಲೇ ನಮಗೆ ಹೊಳೆದದ್ದು. ಬಳಕೆಯ ಗುರುತನ್ನೆಲ್ಲ ನಾವೇ ತೊಳೆದುಹಾಕಿದ್ದೆವು. ಎಲ್ಲರೂ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಅಧಿಕಾರಿ ತಲೆದೂಗಿ ಬಂಡೆ ಹತ್ತಲು ಕಾಲೆತ್ತಿದರು.

ಮಜ್ಜಿಗೆ ಚೊಂಬು ಹಿಡಿದಿದ್ದ ಅತ್ತೆ ಅಡ್ಡ ಬಂದಳು. "ಚೆರುಪ್ಪು ಬಿಟ್ಟು ಓಗಿ ಸಾರ್. ಕಣ ಇದು."

ಅಧಿಕಾರಿ ಸುತ್ತ ನೋಡಿದರು. ಬಂಡೆಯ ಮೇಲೆ ನಿಂತಿದ್ದವರೆಲ್ಲ ಬರಿಗಾಲಲ್ಲಿದ್ದರು. ಬಂಡೆಯ ಅಂಚಿನಲ್ಲಿ ಊರವರ ಚಪ್ಪಲಿಗಳು ಸಾಲಾಗಿದ್ದವು, ನನ್ನವೂ ಇದ್ದವು. ಬರೀ ಕಲ್ಲಿಗೆ ಇಷ್ಟು ಮರ್ಯಾದೆಯೇ ಎಂದು ಅವರು ಕೇಳಿದರು.

"ನಿಮ್ ಸೂಗೇ ಇಲ್ಲಿ ಎಡೆಯಿಲ್ಲ," ಎಂದಳು ಅತ್ತೆ, ಅವರ ಶೂ ತೋರಿಸಿ. "ಅವರ್ ಲಾರಿ ಎಂಗ್ ಸಾರ್ ಬಿಡಾದು?"

ಅವರು ಜೋರಾಗಿ ನಕ್ಕು ಶೂ ಬಿಚ್ಚಿದರು. ಕಂಪನಿಯವನೂ ಗೊಣಗುತ್ತ ಲೇಸಿಗೆ ಬಗ್ಗಿದ. ಹಾಗಾದರೆ ರಾಗಿ ಎಲ್ಲಿ ಎಂದು ಅಧಿಕಾರಿ ಕೇಳಿದಾಗ ಅತ್ತೆಗೆ ನಾಚಿಕೆಯಾಯಿತು. "ನೀವು ಬತ್ತೀರಾಂತ ತೊಳ್ದು ಇಟ್ವಿ ಸಾರ್. ಮನೇಲೈತೆ, ಬಂದು ನೋಡಿ."

ಅವರು ಮನೆಮನೆ ಹೊಕ್ಕರು. ಮಂಚದ ಮೇಲೆ, ಒಲೆಯ ಪಕ್ಕ, ಎಲ್ಲೆಲ್ಲೂ ತೆನೆ. ಪೊದೆಯ ಹಿಂದಿನ ರೋಣಗಲ್ಲನ್ನೂ ನೋಡಿದರು. ಹಿಂತಿರುಗಿ ಬಂದು, ಬಂಡೆಯನ್ನೂ ಅದರ ದಾರಿಯನ್ನೂ ಪರ್ಮಿಟ್ಟಿನ ಗಡಿಯಿಂದ ಹೊರಗಿಡಬೇಕೆಂದು ಬರೆಯುವುದಾಗಿ ಕಂಪನಿಯವನ ಎದುರೇ ಹೇಳಿದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅವರು ಮಜ್ಜಿಗೆಯನ್ನು ಎರಡು ಸಲ ಹಾಕಿಸಿಕೊಂಡು ಕುಡಿದರು.

ಆ ಗಲಾಟೆಯಲ್ಲಿ ಮಧ್ಯಾಹ್ನದ ಬಸ್ಸು ಬಂದೇಬಿಟ್ಟಿತು. ಅತ್ತೆ ಕೈಗಿಟ್ಟ ರಾಗಿ ಹಿಟ್ಟಿನ ಗಂಟು ಹಿಡಿದು ಓಡಿ ಹತ್ತಿದೆ. ಕೂತ ಮೇಲೆ ಅಂಗಾಲಿಗೆ ಬಸ್ಸಿನ ನೆಲದ ತಗಡು ಬಿಸಿಯಾಗಿ ತಾಗಿತು. ಬಗ್ಗಿ ನೋಡಿದರೆ ಬರಿಗಾಲು.

ಕಿಟಕಿಯಿಂದ ತಲೆ ಹೊರಹಾಕಿದೆ. ಹೆಂಗಸರು ತೆನೆಯ ಹೊರೆ ಹೊತ್ತು ಬಂಡೆಗೆ ಮರಳುತ್ತಿದ್ದರು. ಗಂಡಸರು ರೋಣಗಲ್ಲು ಉರುಳಿಸಿ ತರುತ್ತಿದ್ದರು. ಅಂಚಿನ ಸಾಲಿನಲ್ಲಿ, ಊರವರ ಚಪ್ಪಲಿಗಳ ನಡುವೆ, ನನ್ನ ಜೋಡಿಯೂ ಕೂತಿತ್ತು. ಕಂಡಕ್ಟರ್ ಸೀಟಿ ಊದಿದ. ನಿಲ್ಲಿಸು ಎನ್ನಲು ನನಗೆ ಮನಸ್ಸೇ ಬರಲಿಲ್ಲ.