ಹೊಳೆಗೆ ಬೈಯುವ ಅವ್ವ

ತಿಂಥಣಿಯ ನಮ್ಮ ದಂಡೆಯಲ್ಲಿ ಹರಗೋಲು ನಡೆಸುವ ಹೆಂಗಸೆಂದರೆ ನಮ್ಮ ಅವ್ವ ಒಬ್ಬಳೇ. ಸೀರೆಯ ಮೇಲೆ ಗಂಡಸರ ಅಂಗಿ ತೊಡುತ್ತಿದ್ದಳು. ತಲೆ ಸೆಕೆ ಆಗ್ತದೆಂದು ಕೂದಲನ್ನು ತಾನೇ ಕತ್ತರಿಸಿಕೊಂಡಿದ್ದಳು. ಬಲೆಗೆ ಮೀನು ಬೀಳದ ದಿನ ಹುಟ್ಟು ಎತ್ತಿ ಕೃಷ್ಣಾ ಹೊಳೆಯ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು: "ನಿನ್ನೆ ಕೊಟ್ಟಿ, ಇವತ್ತ ಯಾಕ ಸೊಕ್ಕು ನಿನಗ?" ಬಟ್ಟೆ ಒಗೆಯುವವರು ನಗುತ್ತಿದ್ದರು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು.

ಅಪ್ಪ ಅವ್ವನಿಂದ ಬೇರೆಯಾಗಿ ಯಾದಗಿರಿಯಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಅಲ್ಲಿ ಮಕ್ಕಳಾಗಲಿಲ್ಲ. ನಾನು ಐದನೇ ತರಗತಿಯಲ್ಲಿದ್ದಾಗ, ತಾಯಿಗೆ ತಲೆ ಸರಿ ಇಲ್ಲ, ಮಗಳನ್ನು ನನಗೆ ಒಪ್ಪಿಸಿ ಎಂದು ಯಾದಗಿರಿ ಕೋರ್ಟಿನಲ್ಲಿ ಕೇಸು ಹಾಕಿದ.

ಸುರಪುರದ ನಮ್ಮ ವಕೀಲರು ಅವ್ವನನ್ನು ಕೂರಿಸಿಕೊಂಡು ಹೇಳಿದರು: "ನೋಡು ತಂಗಿ, ಕೇಳಿದ್ದಕ್ಕ ಹೌದು, ಇಲ್ಲ ಅಷ್ಟ ಅನ್ನು. ಈ ತಾರೀಖು ಮಾತ್ರ ತಪ್ಪಿಸಬ್ಯಾಡ. ತಪ್ಪಿಸಿದ್ರ ತೀರ್ಪು ಅವರ ಕಡಿನ ಆಗ್ತದ."

ಆ ದಿನವೇ ಬಸ್ಸು ಭೀಮರಾಯನಗುಡಿ ಹತ್ತಿರ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬರುವ ಲಕ್ಷಣವಿರಲಿಲ್ಲ. ಅವ್ವ ನಡುರಸ್ತೆಗೆ ಹೋಗಿ ಎರಡೂ ಕೈ ಚಾಚಿ ನಿಂತಳು. ಕುರಿ ತುಂಬಿದ ಟೆಂಪೊ ಕಿರ್ರೆಂದು ನಿಂತಿತು.

"ಸಾಯಾಕ ಬಂದೀಯೇನು?" ಡ್ರೈವರ್ ಚೀರಿದ.

"ಇಲ್ಲಪ್ಪ, ಕೋರ್ಟಿಗೆ ಹೊಂಟೀನಿ. ನನ್ನ ಮಗಳನ್ನ ಕಸ್ಕೊಳ್ಳಾಕತ್ತಾರ."

ಆತ ಇಳಿದು ಹಿಂದಿನ ಬಾಗಿಲು ತೆಗೆದ. ಕುರಿಗಳ ನಡುವೆ ಕೂತು ಶಹಾಪುರ ದಾಟಿದೆವು. ಅವ್ವ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ಮರಗಟ್ಟಿದವು.

ಕೋರ್ಟಿನಲ್ಲಿ ನಮ್ಮ ಹೆಸರು ಕೂಗುತ್ತಿದ್ದರು. ಕುರಿ ವಾಸನೆಯಲ್ಲೇ ಒಳಗೆ ಓಡಿದೆವು. ಅಪ್ಪನ ವಕೀಲರು ಆ ವಿಡಿಯೊ ತೋರಿಸಿದರು. ಕೋಣೆಯ ತುಂಬ ಅವ್ವನ ಬೈಗುಳ. ಯಾರೋ ಕಿಸಕ್ಕೆಂದರು. ನನಗೆ ಮೊದಲ ಸಲ ಅವ್ವನ ಬಗ್ಗೆ ನಾಚಿಕೆಯಾಯಿತು. ಇವರು ಹೇಳುವುದೇ ಖರೆ ಇದ್ದರೆ?

"ಹೊಳಿಗೆ ಬೈದ್ರ ಅದಕ್ಕ ಕೇಳ್ತದೇನಮ್ಮ?" ಅಪ್ಪನ ವಕೀಲರು ಅವ್ವನನ್ನು ಕೇಳಿದರು.

ನಮ್ಮ ವಕೀಲರು ಕಣ್ಣಲ್ಲೇ ಬೇಡವೆಂದರು. ಅವ್ವ ಅತ್ತ ನೋಡಲೇ ಇಲ್ಲ.

"ಕೇಳಂಗಿಲ್ರಿ. ಮನುಷ್ಯಾರಿಗೆ ಬೈದ್ರೂ ಕೇಳಂಗಿಲ್ಲ. ಆದ್ರ ಹೊಳಿ ತಿರುಗಿ ಕೈ ಎತ್ತಂಗಿಲ್ಲ ನೋಡ್ರಿ."

ಯಾರೂ ನಗಲಿಲ್ಲ. ಅಪ್ಪ ತಲೆ ಕೆಳಗೆ ಹಾಕಿದ.

ಆಮೇಲೆ ಜಡ್ಜಮ್ಮನವರು ನನ್ನೊಬ್ಬಳನ್ನೇ ತಮ್ಮ ಕೋಣೆಗೆ ಕರೆಸಿದರು. ಬಿಸ್ಕೀಟು ಕೊಟ್ಟರು. ಅದು ಕೈಯಲ್ಲೇ ಉಳಿಯಿತು. ಅವ್ವನ ಅಂಜಿಕೆ ಇದೆಯಾ ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಒಮ್ಮೊಮ್ಮೆ ಅದರಿ. ಸಿಟ್ಟು ಬಂದ್ರ ಭಾಳ ಚೀರ್ತಾಳ."

"ಮತ್ತ ಅಪ್ಪನ ಮನಿ?"

"ಛಲೋ ಅದರಿ. ಸೈಕಲ್ ಕೊಡಸ್ತಾನಂತ. ಆದ್ರ ಅಲ್ಲಿ ನಾ ಬಾಯಿ ತೆಗೆದ್ರ ಎಲ್ಲಾರೂ ಸುಮ್ಮನಿರು ಅಂತಾರ."

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಹೊರಗೆ ಬಂದ ಮೇಲೆ ಅವ್ವ ಮತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಳು.

ತೀರ್ಪು ಮುಂದಿನ ತಾರೀಖಿಗೆ ಹೋಯಿತು. ಅಲ್ಲಿಯತನಕ ಅವ್ವ ಹೊಳೆಗೆ ಇಳಿಯಲಿಲ್ಲ. ಶಾಲೆ ಮುಂದಿನ ಬೇವಿನಕಟ್ಟೆಯ ಮೇಲೆ ಕೂತು, ಕಿಟಕಿಯೊಳಗೆ ಕಾಣುವ ನನ್ನನ್ನೇ ನೋಡುತ್ತ ಕಾಯುತ್ತಿದ್ದಳು. ಗೇಟಿನ ಮುಂದೆ ಜೀಪು ನಿಂತರೆ ಸಾಕು, ಅಪ್ಪ ನನ್ನನ್ನು ಒಯ್ಯಲು ಬಂದನೇನೋ ಎಂದು ಎದ್ದು ನಿಲ್ಲುತ್ತಿದ್ದಳು.

ನಾನು ಅವ್ವನ ಹತ್ತಿರವೇ ಇರಬೇಕೆಂದು ತೀರ್ಪಾಯಿತು. ತಿಂಗಳಿಗೊಮ್ಮೆ ಅಪ್ಪ ನೋಡಬಹುದು. ಹೊಳೆ ತುಂಬಿದಾಗ ಮಗುವನ್ನು ಹರಗೋಲಿಗೆ ಹತ್ತಿಸಬಾರದು ಎಂದೂ ಜಡ್ಜಮ್ಮನವರು ಹೇಳಿದರು.

"ತುಂಬಿದ ಹೊಳಿಗೆ ನಾನೂ ಇಳಿಯಂಗಿಲ್ರಿ ಅವ್ವಾರ," ಎಂದು ಅವ್ವ ಅಲ್ಲೂ ಬಾಯಿ ತೆಗೆದಳು, "ಹುಚ್ಚೀನ ನಾನು?"

ನಮ್ಮ ವಕೀಲರು ಹಣೆ ಹಿಡಿದುಕೊಂಡರು. ಜಡ್ಜಮ್ಮನವರ ಮುಖದಲ್ಲಿ ಮಾತ್ರ ಸಣ್ಣ ನಗು ಕಂಡಿತು.

ಹೊರಗೆ ಅಪ್ಪ ಚಹಾದಂಗಡಿ ಪಕ್ಕ ಒಬ್ಬನೇ ನಿಂತಿದ್ದ. ನಾನು ಅವ್ವನ ಹಿಂದೆ ಅಡಗಿದೆ. ಅವಳು ನನ್ನ ಭುಜ ಹಿಡಿದು ಮುಂದೆ ತಂದಳು.

"ಹೋಗು, ಮಾತಾಡಿಸಿ ಬಾ. ನಿಮ್ಮಪ್ಪ ಅದಾನ."

ಹೋದೆ. "ಉಂಡಿಯೇನವ್ವ?" ಅಂದ ಅಪ್ಪ. ತಿರುಗಿ ನೋಡಿದರೆ ಅವ್ವ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದಳು.