ಡೀನ್ ಮಾತನ್ನು ಕನ್ನಡದಲ್ಲಿ ಹೇಳಿದ್ದು

ನೋಯ್ಡಾದಾಚೆಯ ಆ ಖಾಸಗಿ ವಿಶ್ವವಿದ್ಯಾಲಯದ ನಮ್ಮ ತರಗತಿಯಲ್ಲಿ ಕನ್ನಡದವರು ಅಂತ ಇದ್ದದ್ದು ಇಬ್ಬರೇ, ನಾನು ಮತ್ತು ಚಿತ್ರದುರ್ಗದ ನನ್ನ ರೂಮ್‌ಮೇಟ್. ಸತತ ಎರಡು ಸೆಮಿಸ್ಟರ್ ಗ್ರೇಡ್ ಕಡಿಮೆಯಾದರೆ ಕೋರ್ಸನ್ನೇ ಬಿಡಬೇಕು ಅನ್ನುವುದು ಅಲ್ಲಿನ ನಿಯಮ. ಅವಳಿಗೆ ಹಾಗೇ ಆಯಿತು. ಎಸ್‌ಟಿಡಿ ಬೂತ್‌ನಿಂದ ಅವಳು ಮನೆಗೆ ಫೋನ್ ಮಾಡಿದ ಮೇಲೆ ಅವಳ ಅಮ್ಮ ರೈಲು ಹತ್ತಿ ಬಂದರು. ಆಕೆಗೆ ಹಿಂದಿ, ಇಂಗ್ಲಿಷ್ ಎರಡೂ ಬಾರದು. ಮಗಳ ಅಳು ನಿಂತಿರಲಿಲ್ಲ. ಹಾಗಾಗಿ ಡೀನ್ ಎದುರು ಮಾತು ದಾಟಿಸಲು ನಾನು ಕೂತೆ.

ಡೀನ್ ಒಳ್ಳೆಯ ಮನುಷ್ಯರೇ. ಚಹಾ ತರಿಸಿ, ನಿಯಮವನ್ನು ನಿಧಾನವಾಗಿ ವಿವರಿಸಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ನನ್ನ ಮಗಳು ಓದ್ತಿರಲಿಲ್ವಂತಾ, ಕೇಳಮ್ಮ," ಅಂದರು ಆಕೆ.

"ತುಂಬಾ ಓದುತ್ತಿದ್ದಳು. ಲೈಬ್ರರಿಯಲ್ಲಿ ದಿನಾ ನೋಡುತ್ತಿದ್ದೆ," ಅಂದರು ಡೀನ್. ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ ಆಕೆಯ ಮುಖ ಅರಳಿತು.

"ಹಾಗಾದ್ರೆ ಇನ್ನೊಂದು ಸಲ ಪರೀಕ್ಷೆ ಬರೆಸಲಿ ಅನ್ನು."

ಡೀನ್ ಅಡ್ಡಡ್ಡ ತಲೆಯಾಡಿಸಿ "ಸಾರಿ" ಅಂದರು. ಆಕೆ ನನ್ನ ಕೈ ಹಿಡಿದುಕೊಂಡು, "ನೀನು ಸರಿಯಾಗಿ ಹೇಳಲಿಲ್ಲ ಅನ್ಸುತ್ತೆ. ಇನ್ನೊಂದು ಸಲ ಹೇಳಮ್ಮ," ಅಂದರು. ನನಗೆ ಬರುವ ಇಂಗ್ಲಿಷನ್ನೆಲ್ಲ ಸೇರಿಸಿ ಹೇಳಿದೆ, ಬೇಡಿಕೊಂಡೆ. ಡೀನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಮರುದಿನ ತಾಯಿ-ಮಗಳಿಬ್ಬರನ್ನೂ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದೆ. "ನೀನಾದ್ರೂ ಹೊತ್ತಿಗೆ ಸರಿಯಾಗಿ ಊಟ ಮಾಡು," ಅಂದರು ಆಕೆ ಕಿಟಕಿಯಿಂದ. ಸೋಮವಾರ ಗಣಿತದ ಕ್ಲಾಸಿತ್ತು. ಹೋಗಿ ಕೂತೆ.